ಕ್ಯಾನ್ಸರ್ ಹೌದೋ, ಅಲ್ವೋ?

ಅಪ್ಪನ ಜಠರದಿಂದ ತೆಗೆದ 11 ಸೆಂ.ಮೀ. ಗಡ್ಡೆ ‘ಜಿಸ್ಟ್’ ಅಂತ ರಿಪೋರ್ಟ್ ಬಂತು. ಅಮ್ಮ ಕೇಳಿದ್ದು ಒಂದೇ: “ಕ್ಯಾನ್ಸರ್ ಹೌದೋ, ಅಲ್ವೋ?” ದಿನವಿಡೀ ಕೋಡ್ ಬರೆಯೋ ನನಗೂ ಅಂಥದ್ದೇ ಉತ್ತರ ಬೇಕಿತ್ತು.

“ಹೌದು. ಆದ್ರೆ ಎಲ್ಲ ಜಿಸ್ಟೂ ಒಂದೇ ಥರ ಅಲ್ಲಮ್ಮ” ಅಂದ್ರು ಡಾಕ್ಟರು. ಗಡ್ಡೆ ಎಷ್ಟು ದೊಡ್ಡದು, ಎಲ್ಲಿತ್ತು, ಜೀವಕೋಶಗಳು ಎಷ್ಟು ಬೇಗ ವಿಭಜನೆ ಆಗ್ತಿದ್ವು, ಗಡ್ಡೆ ಒಡೆದಿತ್ತಾ ಅನ್ನೋದರ ಮೇಲೆ ಮುಂದಿನದು. ಸಣ್ಣ ಕರುಳಿನದಕ್ಕಿಂತ ಜಠರದ್ದು ಸಾಮಾನ್ಯವಾಗಿ ಸಾಧು. ಆದ್ರೆ ಅಪ್ಪನದು ಅಳತೆ, ವೇಗ ಎರಡೂ ಜಾಸ್ತಿ. ಮರಳಿ ಬರೋ ಅಪಾಯವೂ ಜಾಸ್ತಿ.

ಮಾಮೂಲಿ ಕೀಮೋಗೆ ಇದು ಬಗ್ಗಲ್ಲ. ಜೀನ್ ಟೆಸ್ಟ್ ನೋಡಿ ಇಮಾಟಿನಿಬ್ ಮಾತ್ರೆ ಕೊಟ್ಟರು, ದಿನಾ, 3 ವರ್ಷ.

ಈಗ ಎಂಟನೇ ತಿಂಗಳು. ಬೆಳಿಗ್ಗೆ ಅಪ್ಪನ ಕಣ್ಣಿನ ಸುತ್ತ ಊದಿರತ್ತೆ, ಮಾತ್ರೆದೇ ಕಾಟ. “ರಾತ್ರಿಯೆಲ್ಲ ಮೊಬೈಲೇನ್ರೀ?” ಅಂತ ಅಮ್ಮ ರೇಗಿಸ್ತಾಳೆ. ಬರೋ ವಾರ ಸ್ಕ್ಯಾನ್.