ಪ್ರವಾಸಿ ಬಂದರ ಸಾಲದು, ಒಂದು ರಾತ್ರಿ ಉಳೀಬೇಕು



ತೆಲಂಗಾಣ ಸರ್ಕಾರ 2025-30ರ ಪ್ರವಾಸೋದ್ಯಮ ನೀತಿ ತಂದ ಮೇಲೆ ನಮ್ಮ ಕಡೆಯೂ ಟೂರಿಸಂ ಮಾತು ಜೋರಾಗಿದೆ. ಐದು ವರ್ಷದಲ್ಲಿ 15,000 ಕೋಟಿ ರೂಪಾಯಿ ಬಂಡವಾಳ, 3 ಲಕ್ಷ ಜನರಿಗೆ ಕೆಲಸ ಎಂಬುದು ಆ ನೀತಿಯ ಗುರಿ. ವಿಕಾರಾಬಾದ್ ಪಕ್ಕದ ಅನಂತಗಿರಿ ಗುಡ್ಡ ಕೇಂದ್ರದ ಸ್ವದೇಶ ದರ್ಶನ 2.0 ಯೋಜನೆಯಲ್ಲೂ ಸೇರಿದೆ. ಇದನ್ನೆಲ್ಲ ಕೇಳಿ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಚಹಾದಂಗಡಿಗಳಲ್ಲೂ ಲೆಕ್ಕ ಶುರುವಾಗಿದೆ. ಝರಾಸಂಗಂ ಕೇತಕಿ ಸಂಗಮೇಶ್ವರನ ಗುಡಿ ದೊಡ್ಡದಾಗಬೇಕು, ಸಿಂಗೂರು ಹಿನ್ನೀರಿನಾಗ ಬೋಟು ಬಿಡಬೇಕು, ಪಸ್ತಾಪುರದ ಸಿರಿಧಾನ್ಯ ನೋಡಲಿಕ್ಕೆ ಹೈದರಾಬಾದಿನವರು ಬರಬೇಕು, ಅಂದ್ರ ಊರು ಉದ್ಧಾರ ಆಗ್ತದ.

ಆಗ್ತದೇನು? ನಾವು ಟೂರಿಸಂ ಬೇಡ ಅನ್ನೋರಲ್ಲ. ಆದರೆ ಚಪ್ಪಾಳೆ ಹೊಡೆಯುವ ಮೊದಲು ಲೆಕ್ಕ ಹಾಕಬೇಕು ಅನ್ನೋರು.

ಮೊದಲು ಸಣ್ಣ ಲೆಕ್ಕ. ನಾಲ್ಕು ಜನರ ಒಂದು ಕಾರು ಹೈದರಾಬಾದಿನಿಂದ ಬಂತು ಅಂತ ಹಿಡಿಯೋಣ. ಹೆದ್ದಾರಿಯಲ್ಲಿ ಅರ್ಧ ಗಂಟೆ ನಿಂತು ಚಹಾ ಕುಡಿದು ಮಿರ್ಚಿ ಭಜಿ ತಿಂದರೆ ಊರಿಗೆ ಬೀಳೋದು 200 ರೂಪಾಯಿ. ಅದೇ ಕಾರು ಒಂದು ರಾತ್ರಿ ಉಳಿದರೆ ರೂಮಿಗೆ 1,500, ಎರಡು ಹೊತ್ತಿನ ಊಟಕ್ಕೆ 1,200, ಆಟೋಕ್ಕೆ 300, ಹೋಗುವಾಗ ಕಟ್ಟಿಸಿಕೊಂಡು ಹೋಗುವ ಸಾಮಾನಿಗೆ 500. ಒಟ್ಟು 3,500. ಇದು ಸರ್ವೆ ಅಲ್ಲ, ಬೆರಳೆಣಿಕೆಯ ಲೆಕ್ಕ. ಆದರೂ ವಿಷಯ ತಿಳಿತದ: ರಾತ್ರಿ ಉಳಿದ ಒಂದು ಕಾರು, ದಾರಿಯಲ್ಲಿ ನಿಂತು ಹೋದ ಹದಿನೇಳು ಕಾರಿಗೆ ಸಮ. "ವರ್ಷಕ್ಕೆ ಇಷ್ಟು ಲಕ್ಷ ಜನ ಬರ್ತಾರ" ಅಂತ ಯಾರಾದರೂ ಹೇಳಿದರೆ ನಾವು ಕೇಳಬೇಕಾದ್ದು ಒಂದೇ: ಎಷ್ಟು ಜನ ಉಳೀತಾರ?

ಇಲ್ಲೇ ನಮ್ಮ ಊರುಗಳ ತೊಂದರೆ ಇರೋದು. ಜಹೀರಾಬಾದ್ ಹೈದರಾಬಾದಿನಿಂದ ಸುಮಾರು 100 ಕಿಲೋಮೀಟರ್. ಬೆಳಿಗ್ಗೆ ಬಂದು ಸಂಜೆಗೆ ತಿರುಗಿ ಹೋಗುವಷ್ಟು ಹತ್ತಿರ. ಅನಂತಗಿರಿ ಇನ್ನೂ ಹತ್ತಿರ. ಅಲ್ಲಿ ರೆಸಾರ್ಟುಗಳು ಹೆಚ್ಚಾದರೂ, ವಿಕಾರಾಬಾದ್‌ವರೆಗೆ ಬಂದವರು ಅಲ್ಲಿಂದಲೇ ಗಾಡಿ ತಿರುಗಿಸಿದರೆ ತಾಂಡೂರಿಗೆ ಬರೋದು ಏನು? ತಾಂಡೂರಿನ ಹಾಸುಗಲ್ಲು ದೇಶದ ತುಂಬ ಮನೆಗಳ ನೆಲದಲ್ಲಿದೆ, ತಾಂಡೂರು ತೊಗರಿಗೆ 2022ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಆದರೆ ಪ್ರವಾಸಿಯ ನಕ್ಷೆಯಲ್ಲಿ ಆ ಊರು ಇಲ್ಲ. ರೈಲೇ ಇಲ್ಲದ ನಾರಾಯಣಖೇಡದ ಮಾತಂತೂ ಕೇಳಲೇಬೇಡಿ.

ಯಾಕೆ ಇಲ್ಲ? ಯಾಕಂದ್ರ ನಕ್ಷೆ ಬರೆಯುವವರು ರಾಜ್ಯದ ಗಡಿಗೆ ಬಂದ ಕೂಡಲೇ ಪೆನ್ನು ಎತ್ತುತ್ತಾರೆ. ಹೈದರಾಬಾದಿನಲ್ಲಿ ಕೂತವರಿಗೆ ನಾವು ಕೊನೆಯ ಊರು. ಬೆಂಗಳೂರಿನಲ್ಲಿ ಕೂತವರಿಗೆ ನಾವು ಹೊರಗಿನ ಊರು. 1956ರ ನವೆಂಬರ್ 1ಕ್ಕೆ ಮೊದಲು ಹೀಗಿರಲಿಲ್ಲ. ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಆಗ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು, ಕೊಡಂಗಲ್ ಕಲಬುರಗಿ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಗೆರೆ ಬಿತ್ತು. ಈ ಗೆರೆಯನ್ನು ಅಳಿಸಿ ಅಂತ ನಾವು ಇಲ್ಲಿ ಬರೀತಿಲ್ಲ. ಪ್ರವಾಸಿಯ ಕಾರಿಗೆ ಆ ಗೆರೆ ಕಾಣಲ್ಲ, ಇಲಾಖೆಗಳಿಗೂ ಕಾಣಬಾರದು ಅಂತ ಬರೀತಿದ್ದೀವಿ.

ಗೆರೆ ಮರೆತು ನಕ್ಷೆ ನೋಡಿ. ರಾಷ್ಟ್ರೀಯ ಹೆದ್ದಾರಿ 65 ಹೈದರಾಬಾದಿನಿಂದ ಹೊರಟರೆ ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದ್, ಹುಮನಾಬಾದ್ ದಾಟಿ ಬಸವಕಲ್ಯಾಣದ ಪಕ್ಕದಲ್ಲೇ ಹೋಗ್ತದೆ. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲು ಬಿತ್ತು. ಕಲ್ಯಾಣ ಚಾಲುಕ್ಯರ ನೆಲೆಯಾಗಿದ್ದ ಪೊಟ್ಟಳಕೆರೆಯೇ ಇಂದಿನ ಪಟಾನ್‌ಚೆರು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಅಂದರೆ ಪೊಟ್ಟಳಕೆರೆಯೂ ಕಲ್ಯಾಣವೂ ಇವತ್ತು ಒಂದೇ ಹೆದ್ದಾರಿಯ ಮೇಲಿವೆ, ನಡುವೆ ಇರೋದು ನಾವು. ಜಹೀರಾಬಾದಿನಿಂದ ಬೀದರ್ ಕೋಟೆ ಸುಮಾರು 30 ಕಿಲೋಮೀಟರ್. ಝರಾಸಂಗಂ ಇನ್ನೂ ಸಮೀಪ. ಎರಡು ದಿನದ ಈ ಪ್ರವಾಸದಲ್ಲಿ ರಾತ್ರಿ ಉಳಿಯಬೇಕಾದ ಊರು ಯಾವುದು? ಜಹೀರಾಬಾದ್!

ಅದೇ ರೀತಿ ತಾಂಡೂರು. ಅನಂತಗಿರಿಯಿಂದ ತಾಂಡೂರಿಗೆ ಬಂದರೆ ಒಂದು ದಾರಿ ಚಿಂಚೋಳಿ ಕಾಡಿಗೆ, ಇನ್ನೊಂದು ದಾರಿ ಸೇಡಂ ಮೇಲಿಂದ ರಾಷ್ಟ್ರಕೂಟರ ಮಳಖೇಡಕ್ಕೆ. ಚಿಂಚೋಳಿ ಇವತ್ತು ವನ್ಯಧಾಮ, ಮಳಖೇಡ ಒಂದು ಕಾಲದ ರಾಜಧಾನಿ. ತೆಲಂಗಾಣದ ಪಟ್ಟಿಯಲ್ಲಿ ಬಾಲದಂತಿರುವ ಊರು ಈ ದಾರಿಯಲ್ಲಿ ಸೊಂಟ ಆಗ್ತದೆ. ಹೊಸ ಪ್ರತಿಮೆ, ಗಾಜಿನ ಸೇತುವೆ ಏನೂ ಬೇಕಿಲ್ಲ. ಎರಡು ಇಲಾಖೆಗಳು ಒಂದು ಮೇಜಿಗೆ ಕೂತು ಒಂದು ಬಸ್ಸಿನ ವೇಳಾಪಟ್ಟಿ ಬರೆದರೆ ಅರ್ಧ ಕೆಲಸ ಆದಂಗೆ.

ಉಳಿದ ಅರ್ಧ ದೊಡ್ಡದು: ದುಡ್ಡು ಯಾರ ಕೈಗೆ ಬೀಳ್ತದೆ?

ನಮ್ಮದೇ ರಾಜ್ಯದ ಯಾದಗಿರಿಗುಟ್ಟ ನೋಡಿ. ಭಾರಿ ಖರ್ಚಿನಲ್ಲಿ ಕಟ್ಟಿದ ಹೊಸ ಗುಡಿ 2022ರ ಮಾರ್ಚಿನಲ್ಲಿ ತೆರೆಯಿತು, ಭಕ್ತರು ಹೆಚ್ಚಾದರು. ಆದರೆ ವರ್ಷಗಳಿಂದ ಜನರನ್ನು ಗುಡ್ಡ ಹತ್ತಿಸುತ್ತಿದ್ದ ಊರಿನ ಆಟೋಗಳನ್ನು ಮೇಲೆ ಬಿಡಲಿಲ್ಲ. ಆಟೋದವರು ಹೋರಾಟಕ್ಕೆ ಕೂತರು. 2024ರ ಫೆಬ್ರವರಿಯಲ್ಲಿ ಮತ್ತೆ ಬಿಟ್ಟರು. ಊರಿಗೆ ಜನ ಬಂದರೂ ಊರವರ ಗಲ್ಲಾ ಖಾಲಿ ಇರಬಹುದು ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಹಂಪಿಯಲ್ಲಿ 2011ರ ಜುಲೈಯಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಎಬ್ಬಿಸಿದರು. ಸ್ಮಾರಕ ಉಳಿಯಬೇಕು ನಿಜ. ಆದರೆ ಜನರಿಗೆ ಬೇರೆ ಜಾಗ ಮೊದಲು ತೋರಿಸಿ, ಆಮೇಲೆ ಎಬ್ಬಿಸೋದು ನ್ಯಾಯ.

ಒಳ್ಳೆಯ ಸಾಕ್ಷಿಯೂ ಇದೆ. ಭೂದಾನ ಪೋಚಂಪಲ್ಲಿಯನ್ನು 2021ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಅತ್ಯುತ್ತಮ ಪ್ರವಾಸಿ ಗ್ರಾಮಗಳಲ್ಲಿ ಒಂದೆಂದು ಆರಿಸಿತು. ಅಲ್ಲಿಗೆ ಹೋದವರು ಮಗ್ಗ ನೋಡ್ತಾರೆ, ಸೀರೆ ಕೊಳ್ತಾರೆ. ನೋಡುವ ವಸ್ತುವೂ ಮಾರುವ ವಸ್ತುವೂ ಊರವರದ್ದೇ. ಅಂಥದ್ದು ನಮ್ಮಲ್ಲಿ ಏನದ?

ಪಸ್ತಾಪುರ ಅದ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಿಂದ ಇಲ್ಲಿ ಕೆಲಸ ಮಾಡ್ತಿದೆ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, 2023ರ ಮಾರ್ಚಿನಲ್ಲಿ ತೀರಿಕೊಂಡರು. ಆದರೆ ನಿಜವಾದ ಬಂಡವಾಳ ಸುತ್ತಲ ಹಳ್ಳಿಗಳ ಸಂಘದ ಹೆಣ್ಮಕ್ಕಳು. ಹೆಚ್ಚಿನವರು ದಲಿತರು, ಒಂದೆರಡು ಎಕರೆಯವರು. ಬೀಡುಬಿದ್ದ ನೆಲದಲ್ಲಿ ಜೋಳ, ಸಜ್ಜೆ, ನವಣೆ, ಸಾಮೆ, ತೊಗರಿ ಕೂಡಿಸಿ ಬೆಳೆದರು, ಬೀಜವನ್ನು ಮನೆಯಲ್ಲೇ ಕಾದರು. ಮಾಚನೂರಿನಲ್ಲಿ 2008ರಿಂದ ಸಂಗಂ ರೇಡಿಯೋ ನಡೆಸಿದರು. ಸಂಕ್ರಾಂತಿ ಹೊತ್ತಿಗೆ ಎತ್ತಿನ ಗಾಡಿಯಲ್ಲಿ ಬೀಜ ಮೆರೆಸುತ್ತಾ ಹಳ್ಳಿಯಿಂದ ಹಳ್ಳಿಗೆ ಹೋಗುವ ಹಳೆ ಬೆಳೆಗಳ ಜಾತ್ರೆ ಮಾಡಿದರು. ಜಹೀರಾಬಾದಿನಲ್ಲಿ ಸಿರಿಧಾನ್ಯದ ಖಾನಾವಳಿಯನ್ನೂ ತೆರೆದು ತೋರಿಸಿದರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ದೇಶ ವಿದೇಶದ ಜನ ಈ ಹೊಲ ನೋಡಲಿಕ್ಕೆ ಬಂದಿದ್ದಾರೆ. ಅವರನ್ನು ಯಾರೂ ಟೂರಿಸ್ಟ್ ಅಂತ ಕರೆಯಲಿಲ್ಲ ಅಷ್ಟೇ.

ಇದಕ್ಕೆ ನಮ್ಮ ಎಳ್ಳಮಾಸಿ ಸೇರಿಸಿ. ಹೊಲದಾಗ ಕೂತು ಸಜ್ಜಿ ರೊಟ್ಟಿ, ಭಜ್ಜಿ ಉಣ್ಣುವ ಹಬ್ಬ ಹೈದರಾಬಾದಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಗುವಿಗೆ ಯಾವ ರೆಸಾರ್ಟಿನಲ್ಲೂ ಸಿಗಲ್ಲ. ಆದರೆ ಒಂದು ಎಚ್ಚರ. ಸಂಘದ ಹೆಣ್ಮಗಳ ಹೊಲ ಫೋಟೋ ತೆಗೆಯುವ ಪ್ರದರ್ಶನ ಆಗಬಾರದು. ಬೆಲೆ ಅವಳು ಹೇಳಬೇಕು, ಯಾರು ಯಾವಾಗ ಬರಬೇಕು ಅಂತಲೂ ಅವಳೇ ಹೇಳಬೇಕು. ಹೊರಗಿನ ಕಂಪನಿ ಟಿಕೆಟ್ ಮಾರಿ ಅವಳಿಗೆ ದಿನಗೂಲಿ ಕೊಟ್ಟರೆ ನಲವತ್ತು ವರ್ಷದ ಕೆಲಸ ನೀರಿನಲ್ಲಿ ಹೋಮ.

ಜಮೀನಿನ ಮಾತನ್ನೂ ಆಡಬೇಕು. ಕೇತಕಿ ಸಂಗಮೇಶ್ವರ ಇರುವ ಝರಾಸಂಗಂ ಮಂಡಲ, ಪಕ್ಕದ ನ್ಯಾಲ್ಕಲ್ ಮಂಡಲ, ಇವೆರಡರಲ್ಲೇ ನಿಮ್ಜ್ ಕೈಗಾರಿಕಾ ವಲಯಕ್ಕೆ 12,000 ಎಕರೆಗೂ ಹೆಚ್ಚು ಗುರುತಿಸಿದ್ದಾರೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 12 ಕೈಗಾರಿಕಾ ನಗರಗಳಲ್ಲಿ ಜಹೀರಾಬಾದೂ ಒಂದು. ಕಾರ್ಖಾನೆ ಬಂದರೆ ಕೆಲಸ ಬರ್ತದೆ, ನಾವು ಅಲ್ಲಗಳೆಯಲ್ಲ. ಆದರೆ ಒಂದೇ ಮಣ್ಣಿಗೆ ಒಂದು ಇಲಾಖೆ ಹೊಗೆಗೊಳವೆಯ ಪ್ಲಾನು, ಇನ್ನೊಂದು ಇಲಾಖೆ ಹಸಿರು ಪ್ರವಾಸದ ಪ್ಲಾನು ಹಿಡಿದು ಬಂದರೆ ರೈತ ಯಾರನ್ನು ನಂಬಬೇಕು? ಸಿಂಗೂರಿನ ನೀರು ಕುಡಿಯುವ ನೀರು. ಅದರ ದಂಡೆಯಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಅನ್ನೋದು ಮೊದಲೇ ಕಾಗದದ ಮೇಲೆ ಬರಬೇಕು.

ಇನ್ನು ಕನ್ನಡ. "ಟೂರಿಸಂನಾಗ ಭಾಷೆ ಯಾಕ ತರ್ತೀರಿ" ಅಂತ ಕೆಲವರು ಕೇಳ್ತಾರೆ. ಭಾಷೆಯೇ ಇಲ್ಲಿ ವ್ಯಾಪಾರ. ಶಿವರಾತ್ರಿಗೆ, ಶ್ರಾವಣಕ್ಕೆ ಕೇತಕಿಗೆ ಬರುವ ಭಕ್ತರಲ್ಲಿ ಕರ್ನಾಟಕದವರು, ಮಹಾರಾಷ್ಟ್ರದವರು ಬಹಳ. ಬೀದರಿನ ಅಜ್ಜಿಗೆ ಸೇವೆಯ ದರ, ಬಸ್ಸಿನ ಹೊತ್ತು, ಶೌಚಾಲಯದ ದಾರಿ ಓದಲಿಕ್ಕೆ ಬಂದರೆ ಅವಳು ಇನ್ನೊಂದು ಗಂಟೆ ನಿಲ್ತಾಳೆ, ಇನ್ನೊಂದು ಸಲ ಬರ್ತಾಳೆ. ಗಿರಾಕಿಯ ಭಾಷೆಯಲ್ಲಿ ಬೋರ್ಡು ಹಾಕೋದು ಯಾವ ಅಂಗಡಿಯವನಿಗೂ ಹೇಳಿಕೊಡಬೇಕಿಲ್ಲ, ಇಲಾಖೆಗೆ ಮಾತ್ರ ಹೇಳಬೇಕಾಗ್ತದೆ. ಹಳೆಯ ಮೆದಕ್ ಜಿಲ್ಲೆಯಲ್ಲಿ ಕನ್ನಡ ಶಾಸನಗಳು ಸಿಕ್ಕಿವೆ. ಅವುಗಳ ಮುಂದೆ ನಿಂತು ತೆಲುಗಿನಲ್ಲಿ, ಕನ್ನಡದಲ್ಲಿ, ದಖನಿಯಲ್ಲಿ ಕಥೆ ಹೇಳಬಲ್ಲ ಹುಡುಗ ಹುಡುಗಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಹೊರಗಿನ ರೆಸಾರ್ಟಿನವರು ದುಡ್ಡು ಕೊಟ್ಟು ಕೊಳ್ಳಲಾಗದ ಬಂಡವಾಳ ಇದೊಂದೇ.

ಅದೂ ಕರಗ್ತಿದೆ. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಶಾಲೆಯಲ್ಲಿ ಕನ್ನಡ ಅಕ್ಷರ ಸಿಗದಿದ್ದರೆ ಇಪ್ಪತ್ತು ವರ್ಷದ ನಂತರ ಗೈಡ್ ಆಗೋರು ಯಾರು? ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಲಭ್ಯ ಕೊಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳ್ತದೆ. ತಾಲೂಕಿನಲ್ಲಿ ಶೇ 15ರಷ್ಟು ಜನ ಒಂದು ಅಲ್ಪಸಂಖ್ಯಾತ ಭಾಷೆ ಆಡ್ತಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಆ ಭಾಷೆಯಲ್ಲೂ ಬರಬೇಕು ಅನ್ನೋದು ರಾಜ್ಯಗಳು ಒಪ್ಪಿಕೊಂಡ ಮಾತು. ಜಮೀನಿನ ನೋಟಿಸು ನಮಗೆ ಓದಲು ಬರುವ ಭಾಷೆಯಲ್ಲಿ ಬಂದರೆ ತಾನೇ ನಾವು ಆಕ್ಷೇಪಣೆ ಬರೆಯೋದು?

ಹಾಗಾದರೆ ಟೂರಿಸಂನಿಂದ ನಮ್ಮ ಊರುಗಳ ಆರ್ಥಿಕತೆ ಏಳ್ತದೋ ಇಲ್ಲವೋ? ನಮ್ಮ ಅಭಿಪ್ರಾಯ ಇದು. ಅದೊಂದರಿಂದಲೇ ಏಳಲ್ಲ. ಶಿವರಾತ್ರಿ ವರ್ಷಕ್ಕೊಮ್ಮೆ, ವೀಕೆಂಡ್ ವಾರಕ್ಕೆ ಎರಡು ದಿನ. ಕಬ್ಬು, ಶುಂಠಿ, ಆಲೂಗಡ್ಡೆ, ತೊಗರಿ, ಕಲ್ಲು, ಕಾರ್ಖಾನೆ ಕೂಲಿ ನಮ್ಮ ರೊಟ್ಟಿ. ಟೂರಿಸಂ ಚಟ್ನಿ. ಚಟ್ನಿ ಇದ್ದರೆ ರೊಟ್ಟಿ ರುಚಿ, ಆದರೆ ಚಟ್ನಿಯ ಆಸೆಗೆ ಹೊಲ ಮಾರಬಾರದು. ಆ ಚಟ್ನಿಯಾದರೂ ನಮ್ಮ ತಟ್ಟೆಗೆ ಬೀಳಬೇಕು ಅಂದರೆ ಕೆಲವು ಷರತ್ತು ಬೇಕು:

1. ತೆಲಂಗಾಣ, ಕರ್ನಾಟಕ ಪ್ರವಾಸೋದ್ಯಮ ಇಲಾಖೆಗಳು ಕೂಡಿ ಹೈದರಾಬಾದ್-ಝರಾಸಂಗಂ-ಬೀದರ್-ಬಸವಕಲ್ಯಾಣ ಮತ್ತು ಅನಂತಗಿರಿ-ತಾಂಡೂರು-ಚಿಂಚೋಳಿ-ಮಳಖೇಡ ದಾರಿಗಳನ್ನು ಒಂದೇ ನಕ್ಷೆಯಲ್ಲಿ ತರಲಿ. ಜಹೀರಾಬಾದ್, ತಾಂಡೂರನ್ನು ರಾತ್ರಿ ತಂಗುವ ಊರು ಮಾಡಲಿ.

2. ಹೊಸ ಅಂಗಡಿ, ಪಾರ್ಕಿಂಗ್, ಊಟದ ಗುತ್ತಿಗೆಯಲ್ಲಿ ಊರಿನ ಮಹಿಳಾ ಸಂಘಗಳಿಗೆ, ಆಟೋದವರಿಗೆ, ಈಗಾಗಲೇ ಅಲ್ಲಿ ವ್ಯಾಪಾರ ಮಾಡೋರಿಗೆ ಮೊದಲ ಹಕ್ಕು ಇರಲಿ.

3. ಯೋಜನೆಗೆ ಮೊದಲು ಗ್ರಾಮಸಭೆ ಆಗಲಿ. ಕಾಗದ ತೆಲುಗಿನ ಜೊತೆ ಕನ್ನಡದಲ್ಲೂ ಇರಲಿ.

4. ಗುಡಿ, ಬಸ್ ಸ್ಟ್ಯಾಂಡ್, ಹೆದ್ದಾರಿ ಫಲಕಗಳಲ್ಲಿ ಕನ್ನಡವೂ ಬರಲಿ. ಸ್ಥಳೀಯ ಯುವಕ ಯುವತಿಯರಿಗೆ ಗೈಡ್ ತರಬೇತಿ, ಗಡಿ ಶಾಲೆಗಳಲ್ಲಿ ಕನ್ನಡ ಕಲಿಕೆ ಸಿಗಲಿ.

ಮುಂದಿನ ಸಲ ನಿಮ್ಮೂರಿಗೆ ನಾಯಕರು ಬಂದು "ಟೂರಿಸಂ ತರ್ತೀವಿ" ಅಂದಾಗ ಹಾರ ಹಾಕಿರಿ, ಅದು ನಮ್ಮ ಸಂಪ್ರದಾಯ. ಹಾರ ಹಾಕಿದ ಮೇಲೆ ಕೇಳಿರಿ: ಬಂದವರು ಎಲ್ಲಿ ಮಲಗ್ತಾರ, ಯಾರ ಮನೆ ಊಟ ಮಾಡ್ತಾರ, ಯಾರ ಹೊಲದ ಮೇಲೆ ಕಟ್ಟಡ ಏಳ್ತದ, ಬೋರ್ಡಿನಾಗ ನಮ್ಮ ಅಕ್ಷರ ಇರ್ತದೋ ಇಲ್ಲೋ. ಉತ್ತರ ಲಿಖಿತದಲ್ಲೇ ಕೊಡ್ರಿ ಅನ್ರಿ.