ಅಗ್ಗದ ಲ್ಯಾಪ್‌ಟಾಪು: ಕೊಳ್ಳೋದು ಬಳ್ಳಾರಿಯಲ್ಲಿ, ಕೆಟ್ಟರೆ ಸಿರುಗುಪ್ಪದಲ್ಲಿ ಕೇಳೋರು ಯಾರು?

ಕಾಲೇಜು ಶುರುವಾಗುವ ತಿಂಗಳು ಬಂತೆಂದರೆ ಬಳ್ಳಾರಿಯ ಕಂಪ್ಯೂಟರ್ ಅಂಗಡಿಗಳಿಗೆ ಸುತ್ತಲ ತಾಲ್ಲೂಕಿನ ಗಿರಾಕಿಗಳು ಬರುತ್ತಾರೆ. ಸಿರುಗುಪ್ಪದ ಕಡೆಯವರ ಜೇಬಲ್ಲಿ ಭತ್ತದ ದುಡ್ಡು, ಕುರುಗೋಡಿನವರದು ಮೆಣಸಿನಕಾಯಿ ದುಡ್ಡು. ಪಕ್ಕದಲ್ಲಿ ಡಿಗ್ರಿಗೆ ಸೇರಿದ ಮಗನೋ ಮಗಳೋ. ಕೇಳುವ ಮಾತು ಒಂದೇ: "ಎಲ್ಲಕ್ಕಿಂತ ಕಡಿಮೆದು ಯಾವುದೈತಣ್ಣ?" ಹದಿನೈದು, ಇಪ್ಪತ್ತು ಸಾವಿರದ ಆಸುಪಾಸಿನ ತೆಳ್ಳಗಿನ ಡಬ್ಬಿಯೊಂದು ಮೇಜಿನ ಮೇಲೆ ಬರುತ್ತದೆ. ರೇಟು ಕಡಿಮೆ ಯಾಕಾಯಿತು, ಏನನ್ನು ಕತ್ತರಿಸಿ ಕಡಿಮೆ ಮಾಡಿದರು ಎಂದು ಕೇಳುವವರಿಲ್ಲ. ಕೇಳದಿದ್ದರೆ ಹೇಳುವವರೂ ಇಲ್ಲ.

ಅಗ್ಗದ್ದೆಲ್ಲ ಕೆಟ್ಟದ್ದು ಎನ್ನುವುದು ಅನ್ಯಾಯದ ಮಾತು. ಅರ್ಜಿ ತುಂಬಲು, ಪಾಠದ ವಿಡಿಯೋ ನೋಡಲು, ನಾಲ್ಕು ಪುಟ ಟೈಪು ಮಾಡಲು ಇಷ್ಟು ಸಾಕು. ಕರೆಂಟು ಹೋದರೆ ದೊಡ್ಡ ಕಂಪ್ಯೂಟರು ಯುಪಿಎಸ್ ಇಲ್ಲದೆ ಅಲ್ಲೇ ಸಾಯುತ್ತದೆ. ಇದು ತನ್ನ ಬ್ಯಾಟರಿಯ ಮೇಲೆ ನಡೆಯುತ್ತದೆ. 2023ರ ಆಗಸ್ಟ್‌ನಲ್ಲಿ 16,499 ರೂಪಾಯಿಗೆ ಮಾರಾಟಕ್ಕೆ ಬಂದ ಜಿಯೋಬುಕ್ಕಿನ ತೂಕ ಒಂದು ಕೆ.ಜಿ.ಗಿಂತ ಕಡಿಮೆ, ಒಳಗೇ 4ಜಿ ಸಿಮ್ಮು. ಊರಿಗೆ ಇಂಟರ್‌ನೆಟ್ ಕೇಬಲ್ಲೇ ಬಾರದ ಹಳ್ಳಿಯ ಹುಡುಗಿಗೆ, ದಿನಾ ಬಸ್ಸಿನಲ್ಲಿ ಚೀಲ ಹೊತ್ತು ನಿಂತು ಬರುವವಳಿಗೆ, ಅದು ಸಣ್ಣ ಅನುಕೂಲವಲ್ಲ. ಬಡವರ ಕಂಪ್ಯೂಟರು ಎಂದು ಬೆಂಗಳೂರಿನಲ್ಲೇ ಹುಟ್ಟಿದ ಸಿಂಪ್ಯೂಟರು 2004ರಲ್ಲಿ ಪೇಟೆಗೆ ಬಂದು ಸದ್ದಿಲ್ಲದೆ ಹೋಯಿತು. 2011ರಲ್ಲಿ ದಿಲ್ಲಿಯಲ್ಲಿ ಗದ್ದಲದಿಂದ ಬಿಡುಗಡೆಯಾದ ಆಕಾಶ್ ಟ್ಯಾಬ್ಲೆಟ್ ಈಗ ಯಾರ ಕೈಯಲ್ಲಿದೆ? ಅವಕ್ಕೆ ಹೋಲಿಸಿದರೆ ಇಂದಿನ ಅಗ್ಗದ ಲ್ಯಾಪ್‌ಟಾಪು ನಿಜಕ್ಕೂ ಕೆಲಸದ ವಸ್ತು.

ಆದರೆ ಯಾವ ಕೆಲಸಕ್ಕೆ? ತಕರಾರು ಇರುವುದು ಅಲ್ಲಿ.

ಅಂಗಡಿಕಾರರ ಲೆಕ್ಕವನ್ನೇ ತಗೊಳ್ಳಿ. ಕಿರಾಣಿಯಿಂದ ಜೀನ್ಸ್ ಹೊಲಿಯುವ ಘಟಕದವರೆಗೆ ಎಲ್ಲರಿಗೂ ಜಿಎಸ್‌ಟಿ ಬಂದ ಮೇಲೆ ಟ್ಯಾಲಿ ಬೇಕು. ಟ್ಯಾಲಿ ಇನ್‌ಸ್ಟಾಲ್ ಆಗುವುದು ವಿಂಡೋಸ್ ಮೇಲೆ. ಜಿಯೋಬುಕ್ಕಿಗೆ ಅದರದೇ ಬೇರೆ ವ್ಯವಸ್ಥೆ, ಕ್ರೋಮ್‌ಬುಕ್ಕಿಗೆ ಗೂಗಲ್‌ನದು. ಹದಿನಾರು ಸಾವಿರ ಕೊಟ್ಟು ತಂದು, ಲೆಕ್ಕದ ಹುಡುಗನನ್ನು ಕರೆಸಿ, "ಟ್ಯಾಲಿ ಹಾಕಪ್ಪ" ಅಂದರೆ ಅವನು "ಇದಕ್ಕೆ ಹತ್ತೋದಿಲ್ಲ ಸಾವ್ಕಾರ್ರೆ" ಎಂದು ಎದ್ದು ಹೋಗುತ್ತಾನೆ. ಕನ್ನಡದ ಕಥೆಯೂ ಅಷ್ಟೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ವಿಂಡೋಸಿನದು. ಯೂನಿಕೋಡಿನ ಕನ್ನಡ ಎಲ್ಲ ಕಡೆ ಬರುತ್ತದೆ, ನಿಜ. ಆದರೆ ಹಳೇ ನುಡಿ ಅಕ್ಷರದಲ್ಲಿ ಟೈಪಾದ ಕಡತ ಈ ಯಂತ್ರಗಳಲ್ಲಿ ತೆರೆದರೆ ಕಾಣುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಪತ್ರ ಬರಹಗಾರರಿಗೆ, ಜೆರಾಕ್ಸ್ ಅಂಗಡಿಯವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಹಾಗಾದರೆ ವಿಂಡೋಸ್ ಇರುವ ಅಗ್ಗದ್ದನ್ನೇ ಕೊಳ್ಳೋಣ ಎನ್ನಬಹುದು. ಅಲ್ಲೂ ಕತ್ತರಿ ಆಡಿದೆ. 4 ಜಿಬಿ ರ್ಯಾಮು, 64 ಜಿಬಿ ಇಎಂಎಂಸಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ವಿಂಡೋಸ್ 11 ಹಾಕಲು ಕಂಪನಿಯೇ ಹೇಳಿರುವ ಕನಿಷ್ಠ ಅಳತೆ ಅದು. ಕನಿಷ್ಠ ಅಂದರೆ ಕನಿಷ್ಠವೇ: ಏಳುತ್ತದೆ, ನಡೆಯುತ್ತದೆ, ಓಡುವುದಿಲ್ಲ. ಆ 64ರಲ್ಲಿ ದೊಡ್ಡ ಪಾಲನ್ನು ವಿಂಡೋಸೇ ನುಂಗಿ ಕೂರುತ್ತದೆ. ಅಪ್‌ಡೇಟ್ ಬಂದಾಗ ಜಾಗವಿಲ್ಲ ಎಂದು ಹಟ ಹಿಡಿಯುತ್ತದೆ. ಇಎಂಎಂಸಿ ಅಂದರೆ ಅಗ್ಗದ ಫೋನಿನಲ್ಲಿರುವ ಜಾತಿಯದೇ ಚಿಪ್ಪು, ಬೋರ್ಡಿಗೆ ಬೆಸುಗೆ ಹಾಕಿದ್ದು. ಅನೇಕ ಮಾಡೆಲ್‌ಗಳಲ್ಲಿ ರ್ಯಾಮೂ ಹಾಗೇ. ನಾಳೆ ದುಡ್ಡು ಬಂದಾಗ ದೊಡ್ಡದು ಹಾಕಿಸೋಣ ಅಂದರೆ ಸ್ಕ್ರೂ ಬಿಚ್ಚಿದವನಿಗೆ ಒಳಗೆ ಖಾಲಿ ಜಾಗವೇ ಇರುವುದಿಲ್ಲ. ಚಿಪ್ಪು ಕೆಟ್ಟರೆ ಬೋರ್ಡೇ ಹೋಯಿತು. ಬೋರ್ಡಿನ ಬೆಲೆ ಕೇಳಿದವರು ಲ್ಯಾಪ್‌ಟಾಪನ್ನು ಅಟ್ಟಕ್ಕೆ ಹಾಕುತ್ತಾರೆ.

ಇನ್ನು ನಮ್ಮ ಬಿಸಿಲು. ಬಹಳಷ್ಟು ಲ್ಯಾಪ್‌ಟಾಪುಗಳ ಕಾಗದದಲ್ಲಿ 35 ಡಿಗ್ರಿವರೆಗೆ ಬಳಸಿ ಎಂದಿರುತ್ತದೆ. ಬಳ್ಳಾರಿಯ ಏಪ್ರಿಲ್, ಮೇ ತಿಂಗಳು ಆ ಕಾಗದ ಓದಿಲ್ಲ! ಅಗ್ಗದ ಹಲವು ಮಾಡೆಲ್‌ಗಳಲ್ಲಿ ಫ್ಯಾನೇ ಇಲ್ಲ. ಕಾದ ಯಂತ್ರ ತಾನೇ ನಿಧಾನವಾಗುತ್ತದೆ, ಬ್ಯಾಟರಿ ಬೇಗ ಬಸವಳಿಯುತ್ತದೆ. ತಗಡಿನ ಶೀಟಿನ ಅಂಗಡಿಯಲ್ಲಿ ಮಧ್ಯಾಹ್ನ ಕೂರುವವರು ಈ ಮಾತು ನೆನಪಿಡಬೇಕು.

ಎಲ್ಲಕ್ಕಿಂತ ದುಬಾರಿಯಾದದ್ದು ರಿಪೇರಿ. ವಾರಂಟಿ ಒಂದು ವರ್ಷ ಎಂದು ಅಂಗಡಿಯವರು ಹೇಳುತ್ತಾರೆ. ಅದು ಮನೆಗೆ ಬಂದು ನೋಡುವ ವಾರಂಟಿಯೋ, ಹೊತ್ತು ತರುವ ವಾರಂಟಿಯೋ ಎಂದು ಹೇಳುವುದಿಲ್ಲ. ಹೊತ್ತು ತರುವುದಾದರೆ ಕುರುಗೋಡಿನವರಿಗೆ ಅರ್ಧ ದಿನ ಹೋಯಿತು. ಐವತ್ತು ಕಿಲೋಮೀಟರು ಮೀರಿದ ಸಿರುಗುಪ್ಪದವರಿಗೆ ಕೊಡಲು ಒಂದು ದಿನ, "ಪಾರ್ಟು ಬಂದಿಲ್ಲ" ಅನ್ನಿಸಿಕೊಳ್ಳಲು ಒಂದು ದಿನ, ತರಲು ಮತ್ತೊಂದು. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ಟಿಲ್ಲ, ಸರಿ. ಹೋದ ಕೂಲಿಯನ್ನು, ತಪ್ಪಿದ ಕ್ಲಾಸನ್ನು ಯಾವ ಕಂಡಕ್ಟರು ವಾಪಸು ಕೊಡುತ್ತಾನೆ? ಮೂರು ಸಾವಿರ ಉಳಿಸಿದೆವೆಂದು ಹಿಗ್ಗಿದವರು ಎರಡೇ ರಿಪೇರಿಯಲ್ಲಿ ಅದನ್ನು ಕಳೆದಿರುತ್ತಾರೆ.

ಬೆಂಗಳೂರಿನ ಎಸ್.ಪಿ. ರೋಡಿನಿಂದ ಬರುವ ಸೆಕೆಂಡ್ ಹ್ಯಾಂಡ್ ಆಫೀಸು ಲ್ಯಾಪ್‌ಟಾಪು ಇದಕ್ಕಿಂತ ವಾಸಿ ಎನ್ನುವವರಿದ್ದಾರೆ. ಮಾತು ಮುಕ್ಕಾಲು ಸರಿ. ಗಟ್ಟಿ ಕೀಲು, ಬದಲಿಸಬಹುದಾದ ಡಿಸ್ಕು, ಹಲವುದರಲ್ಲಿ ರ್ಯಾಮನ್ನೂ ಹೆಚ್ಚಿಸಬಹುದು. ಬೀದಿಯ ಮೆಕ್ಯಾನಿಕ್ಕಿಗೂ ಅದರ ಹೊಟ್ಟೆ ಗೊತ್ತು. ಆದರೆ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ 8ನೇ ತಲೆಮಾರಿಗಿಂತ ಹಳೆಯ ಯಂತ್ರಗಳು, ಒಂದೆರಡು ಬಿಟ್ಟರೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. 6ನೇ, 7ನೇ ತಲೆಮಾರಿನವನ್ನು ಒರೆಸಿ ಹೊಳಪು ಮಾಡಿ ಹತ್ತು ಸಾವಿರಕ್ಕೆ ದಾಟಿಸುವ ಜಾಣರು ಇದ್ದೇ ಇರುತ್ತಾರೆ. ತಲೆಮಾರು ಕೇಳಿ, ಚಾರ್ಜರ್ ತೆಗೆಸಿ ಬ್ಯಾಟರಿ ನೋಡಿ, ಆಮೇಲೆ ದುಡ್ಡು ಎಣಿಸಿ.

ಅಂಗಡಿಯವರು ಮಾಡಬೇಕಾದ್ದು ದೊಡ್ಡದೇನಲ್ಲ. ಬಿಲ್ಲಿನ ಮೇಲೆ ಬರೀ ಮಾಡೆಲ್ ನಂಬರು ಗೀಚದೆ, ವಿಂಡೋಸ್ ಇದೆಯೋ ಇಲ್ಲವೋ, ರ್ಯಾಮು ಹೆಚ್ಚಿಸಬಹುದೋ ಇಲ್ಲವೋ, ರಿಪೇರಿಗೆ ಊರಿಗೆ ಬರುತ್ತಾರೋ ಇಲ್ಲವೋ ಎಂಬ ಮೂರು ಸಾಲನ್ನು ಕನ್ನಡದಲ್ಲಿ ಬರೆದು ಸೀಲು ಒತ್ತಲಿ. ಮಾರುವ ಕಂಪನಿಗಳು ವಾರಕ್ಕೊಂದು ದಿನ ಸಿರುಗುಪ್ಪದಲ್ಲಿ, ಒಂದು ದಿನ ಕುರುಗೋಡಿನಲ್ಲಿ ರಿಪೇರಿಗೆ ಯಂತ್ರ ತೆಗೆದುಕೊಳ್ಳುವ ಏರ್ಪಾಡು ಮಾಡಲಿ. ಅಲ್ಲಿಯತನಕ ಆ ಎರಡೂ ಊರಿನವರು ಬಿಲ್ಲು ಬರೆಸುವ ಮುಂಚೆ "ಕೆಟ್ಟರೆ ಎಲ್ಲಿಗೆ ತರಬೇಕು?" ಎಂದು ಕೇಳಿ, ವಿಳಾಸವನ್ನು ಬಿಲ್ಲಿನ ಹಿಂದೆ ಅಂಗಡಿಯವರ ಕೈಯಲ್ಲೇ ಬರೆಸಿಕೊಳ್ಳಬೇಕು.