ಮೋಟ್ರು ಹುಡುಕಿದ್ದು, ಬ್ರೌಸರ್ ಬದಲಾಯಿಸಿದ್ದು

ಇವತ್ತು ತೋಟದ ಸುದ್ದಿ ಕಮ್ಮಿ, ಫೋನಿನ ಸುದ್ದಿ ಜಾಸ್ತಿ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಹದಿನೈದು ದಿನದ ಹಿಂದೆ ಬೋರಿನ ಮೋಟ್ರು ಸುಟ್ಟೋಯ್ತು. ಹೊಸದರ ರೇಟು ನೋಡೋಣ ಅಂತ ಫೋನಲ್ಲಿ ಹುಡುಕಿದೆ. ಅವತ್ತಿಂದ ಯಾವ ಪೇಜು ತೆಗೆದರೂ ಮೋಟ್ರು, ಪೈಪು, ಸಾಲದ ಜಾಹೀರಾತು. ದಿನಕ್ಕೆ ನಾಕೈದು ಫೋನು ಬೇರೆ. ಮಗ ನೋಡಿ, "ಅಪ್ಪಾ, ಕ್ರೋಮ್ ಬಿಡು, ಬ್ರೇವ್ ಹಾಕ್ಕೊ. ಅದು ಟ್ರ್ಯಾಕರ್ ತಡೆಯುತ್ತೆ" ಅಂದ. ಟ್ರ್ಯಾಕರ್ ಅಂದ್ರೆ ಒಂದು ಅಂಗಡಿಯಲ್ಲಿ ನಾವು ಕೇಳಿದ್ದನ್ನ ಹತ್ತು ಅಂಗಡಿಗೆ ಹೇಳೋ ಚಾಡಿಕೋರ ಇದ್ದಂಗೆ.

ಜಾಹೀರಾತು ನಿಜವಾಗ್ಲೂ ಕಮ್ಮಿ ಆಯ್ತು. ಫೋನು ಮಾತ್ರ ನಿಲ್ಲಲಿಲ್ಲ. ಯೋಚನೆ ಮಾಡಿದರೆ ತಪ್ಪು ನಂದೇ. ರೇಟು ತಿಳಿಸ್ತೀವಿ ಅಂದ ಒಂದು ಫಾರಂನಲ್ಲಿ ನಾನೇ ನಂಬರ್ ತುಂಬಿದ್ದೆ. ಕೈಯಾರೆ ಕೊಟ್ಟಿದ್ದನ್ನ ಯಾವ ಬ್ರೌಸರೂ ವಾಪಸ್ ತರಲ್ಲ. ಸುತ್ತ ಬೇಲಿ ಹಾಕಿ ಗೇಟು ತೆಗೆದಿಟ್ಟಂಗೆ.

ಆಮೇಲೆ, ಪುಕ್ಕಟೆ ಕೊಡೋ ಈ ಬ್ರೌಸರ್ ಕಂಪನಿಗಳನ್ನೇ ನಂಬಬಹುದಾ ಅಂತ ಅನುಮಾನ ಬಂತು. ಹುಡುಕಿ ಓದಿದೆ.

2020ರಲ್ಲಿ ಬ್ರೇವ್ ಸಿಕ್ಕಿಬಿತ್ತು. ಜನ ಬೈನಾನ್ಸ್ ಅನ್ನೋ ಕ್ರಿಪ್ಟೋ ವ್ಯಾಪಾರದ ವೆಬ್‌ಸೈಟಿನ ವಿಳಾಸ ಟೈಪ್ ಮಾಡಿದರೆ, ಬ್ರೌಸರು ಅದರ ಬಾಲಕ್ಕೆ ತನ್ನ ಕಮಿಷನ್ ಕೋಡು ಸೇರಿಸ್ತಿತ್ತು. ಈ ಗಿರಾಕೀನ ಕಳಿಸಿದ್ದು ನಾನೇ ಅಂತ ಚೀಟಿ ಅಂಟಿಸಿದಂಗೆ. ಬಳಸುವವರು ಎತ್ತಿ ತೋರಿಸಿದ ಮೇಲೆ ಮುಖ್ಯಸ್ಥ ಬ್ರೆಂಡನ್ ಐಕ್ ತಪ್ಪೊಪ್ಪಿಕೊಂಡು ಸರಿ ಮಾಡಿಸಿದರು.

2022ರಲ್ಲಿ ಡಕ್‌ಡಕ್‌ಗೋ ಸರದಿ. ಖಾಸಗಿ ವಿಷಯ ಕಾಯ್ತೀವಿ ಅಂತಲೇ ಹೆಸರು ಮಾಡಿದ್ದು. ಆದರೆ ಅದರ ಮೊಬೈಲ್ ಬ್ರೌಸರ್ ಬೇರೆಯವರ ಟ್ರ್ಯಾಕರ್ ತಡೆದು, ಮೈಕ್ರೋಸಾಫ್ಟ್‌ನ ಕೆಲವನ್ನ ಒಳಗೆ ಬಿಡ್ತಿತ್ತು. ಮೈಕ್ರೋಸಾಫ್ಟ್ ಜೊತೆಗಿನ ಒಪ್ಪಂದವೇ ಕಾರಣ. ಹೊರಗಿನ ಸಂಶೋಧಕರೊಬ್ಬರು ಬಯಲು ಮಾಡಿದರು. ಆಗಸ್ಟಿನಲ್ಲಿ ಅವನ್ನೂ ತಡೀತೀವಿ ಅಂತ ಕಂಪನಿ ಹೇಳ್ತು.

ಹಂಗಾದರೆ ಎಲ್ಲರೂ ಒಂದೇ, ಹಳೇದೇ ಇರಲಿ ಅಂತೀರಾ? ನಾನು ಒಪ್ಪಲ್ಲ. ಕ್ರೋಮ್ ಮಾಡಿದ ಗೂಗಲ್‌ಗೆ ದುಡ್ಡು ಬರೋದೇ ಹೆಚ್ಚಾಗಿ ಜಾಹೀರಾತಿನಿಂದ. ಅದರ ಇನ್‌ಕಾಗ್ನಿಟೋದಲ್ಲಿ ನಮ್ಮ ಫೋನಲ್ಲಿ ಹಿಸ್ಟರಿ ಉಳಿಯಲ್ಲ ಅಷ್ಟೇ, ವೆಬ್‌ಸೈಟಿನವರಿಗೆ ಕಾಣ್ತಾನೇ ಇರ್ತೀವಿ. ಇದರ ಬಗ್ಗೆ ಅಮೆರಿಕದಲ್ಲಿ ಕೇಸು ನಡೆದು, 2024ರಲ್ಲಿ ಗೂಗಲ್ ಕೋಟಿಗಟ್ಟಲೆ ದಾಖಲೆ ಅಳಿಸೋಕೆ ಒಪ್ಕೊಂಡಿತು.

ತಿಪಟೂರು ಮಂಡಿಗೆ ಕೊಬ್ಬರಿ ಹಾಕೋರಿಗೆ ಈ ಲೆಕ್ಕ ಹೊಸದಲ್ಲ. ದಲ್ಲಾಳಿ ಒಳ್ಳೆಯವನು ಅಂತ ತೂಕ ನೋಡದೆ ಬರ್ತೀವಾ? ಅವನ ಒಳ್ಳೆತನಕ್ಕಿಂತ ತಕ್ಕಡಿ ಕಣ್ಣೆದುರಿಗೆ ಇರೋದು ಮುಖ್ಯ. ಬ್ರೇವ್, ಫೈರ್‌ಫಾಕ್ಸ್‌ಗಳ ಕೋಡು ಯಾರು ಬೇಕಾದರೂ ನೋಡೋ ಹಂಗೆ ಇಟ್ಟಿದ್ದಾರೆ. ನಮಗೆ ಓದಕ್ಕೆ ಬರಲ್ಲ, ಬರೋರು ಓದ್ತಾರೆ. ತಪ್ಪು ಮಾಡಿದರೆ ಸಿಕ್ಕಿಬೀಳೋ ದಾರಿ ಇದೆ. ನನ್ನ ನಂಬಿಕೆ ಕಂಪನಿ ಮಾತಿನ ಮೇಲಲ್ಲ, ಆ ತೆರೆದ ತಕ್ಕಡಿ ಮೇಲೆ.

ಅದಕ್ಕೇ ಬ್ರೇವ್ ಇಟ್ಕೊಂಡಿದ್ದೀನಿ, ಕಣ್ಣೂ ಇಟ್ಟಿದ್ದೀನಿ. ನೀವು ಯಾವುದನ್ನೇ ಬಳಸಿ, ನಂಬರ್, ಆಧಾರ್, ಪಹಣಿ ಕೇಳೋ ಫಾರಂ ಬಂದರೆ ಒಂದು ಸಲ ನಿಂತು ಯೋಚನೆ ಮಾಡಿ. ನಿಮ್ಮ ಅನುಭವ ಬೇರೆ ಇದ್ದರೆ ಕೆಳಗೆ ಬರೀರಿ.

ಮೋಟ್ರು ಕೊನೆಗೆ ರಿವೈಂಡಿಂಗ್ ಮಾಡಿಸಿದೆ. ಅದರ ಖರ್ಚಿನ ಲೆಕ್ಕ ನಾಳೆ ಹಾಕ್ತೀನಿ.